ಪರವಾನಗಿ ಮೂರಕ್ಕಿದೆ, ಕೈಗೆ ಎಷ್ಟು ಬೇಟೆ ಹಕ್ಕಿ?

ಓದುಗರ ಪ್ರಶ್ನೆ: ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಹತ್ತಿರ ಇದ್ದೇನೆ. ಹಕ್ಕಿ ಹಾರಿಸಿ ಬೇಟೆಯಾಡುವ ವಿದ್ಯೆಯಲ್ಲಿ (ಫಾಲ್ಕನ್ರಿ) ಅಪ್ರೆಂಟಿಸ್, ಅಂದರೆ ಕಲಿಯುವವರ ದರ್ಜೆಯಲ್ಲಿ ಎರಡು ವರ್ಷ ಒಂದು ಹೆಣ್ಣು ರೆಡ್‌ಟೇಲ್ ಗಿಡುಗವನ್ನು ಮೊಲದ ಬೇಟೆಗೆ ಹಾರಿಸಿದ್ದೇನೆ. ಈಗ ಅದರ ಮೇಲಿನ ಜನರಲ್ ದರ್ಜೆಯ ಪರವಾನಗಿ ಬಂದಿದೆ, ಮೂರು ಹಕ್ಕಿ ಇಟ್ಟುಕೊಳ್ಳಬಹುದು. ರೆಡ್‌ಟೇಲ್ ಜೊತೆಗೆ ಒಂದು ಹ್ಯಾರಿಸ್ ಗಿಡುಗ, ಒಂದು ಪೆರೆಗ್ರಿನ್ ಫಾಲ್ಕನ್ ಎರಡನ್ನೂ ಈ ವರ್ಷವೇ ತರುವ ಆಸೆ. ಸಾಫ್ಟ್‌ವೇರ್ ಕೆಲಸ. ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ, ಆ ದಿನ ಮಧ್ಯಾಹ್ನ ಒಂದೂವರೆ ಮೇಲೆ ಬಿಡುವಿರುತ್ತದೆ. ಒಬ್ಬನೇ ಎಷ್ಟು ಹಕ್ಕಿ ನಿಭಾಯಿಸಬಹುದು? ಹಾಸನದಲ್ಲಿರುವ ತಮ್ಮ ಕೂಡ ಒಂದು ಬಿಜ್ಜು (ಶಿಕ್ರಾ ಅನ್ನುವ ಸಣ್ಣ ಗಿಡುಗ) ಹಿಡಿದು ಪಳಗಿಸಬೇಕು ಅಂತಿದ್ದಾನೆ. ಅವನಿಗೆ ಏನು ಹೇಳಲಿ?

ಉತ್ತರ: ನಿಮ್ಮ ಸಮಯಕ್ಕೆ ಎರಡು ಹಕ್ಕಿ. ಅದೂ ರೆಡ್‌ಟೇಲ್ ಮತ್ತು ಹ್ಯಾರಿಸ್. ಪೆರೆಗ್ರಿನ್ ಈ ವರ್ಷ ಬೇಡ. ಪೆರೆಗ್ರಿನ್ ಮೇಲೇ ಮನಸ್ಸಿದ್ದರೆ ಅದೊಂದನ್ನೇ ಇಟ್ಟುಕೊಳ್ಳಿ, ಉಳಿದೆರಡನ್ನು ಬಿಡಿ. ಈ ಲೆಕ್ಕ ಎಲ್ಲಿಂದ ಬಂತು ಅಂತ ವಿವರಿಸುತ್ತೇನೆ. ನಿಮ್ಮ ಕೆಲಸದ ಹೊತ್ತು ಬದಲಾದಾಗ ನೀವೇ ಮತ್ತೆ ಹಾಕಿ ನೋಡಬಹುದು.

ಮೊದಲು ಕಾನೂನು. ಅಮೆರಿಕದ ಕೇಂದ್ರ ನಿಯಮದ ಪ್ರಕಾರ ಅಪ್ರೆಂಟಿಸ್‌ಗೆ ಒಂದು ಹಕ್ಕಿ, ಜನರಲ್‌ಗೆ ಮೂರು. ಜನರಲ್ ಆಗಿ ಐದು ವರ್ಷ ಕಳೆದು ಮಾಸ್ಟರ್ ಆದವರಿಗೆ ಕಾಡಿನಿಂದ ಹಿಡಿದವು ಐದರವರೆಗೆ. ಸಾಕುಕೇಂದ್ರದಲ್ಲಿ ಹುಟ್ಟಿದ ಹಕ್ಕಿಗಳಿಗೆ ಸಂಖ್ಯೆಯ ಮಿತಿಯೇ ಇಲ್ಲ. ಆದರೆ ಆ ಸಾಲಿನ ಜೊತೆಗೇ ಒಂದು ಷರತ್ತಿದೆ: ಎಷ್ಟೇ ಇದ್ದರೂ ಅಷ್ಟನ್ನೂ ಕಾಡುಬೇಟೆಗೆ ತರಬೇತಿ ಕೊಟ್ಟು ಬೇಟೆಯಲ್ಲಿ ಬಳಸಬೇಕು. ಸುಮ್ಮನೆ ಕಟ್ಟಿಹಾಕಿ ಎಣಿಸುವುದಕ್ಕೆ ಕಾನೂನಿನಲ್ಲೂ ಜಾಗವಿಲ್ಲ. 2014ರಿಂದ ಪರವಾನಗಿ ಕೊಡುವುದು ರಾಜ್ಯಗಳ ಕೆಲಸವಾಗಿದೆ. ರಾಜ್ಯದ ನಿಯಮ ಕೇಂದ್ರದ್ದಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ. ಹಾಗಾಗಿ ಮೂರು ಅನ್ನುವುದು ಮೇಲಿನ ಗಡಿ ಅಷ್ಟೇ. ನಿಮ್ಮ ಗಡಿಯನ್ನು ತೀರ್ಮಾನಿಸುವುದು ಡಿಸೆಂಬರ್ ತಿಂಗಳ ಹಗಲು.

ಡೆನ್ವರ್‌ನಲ್ಲಿ ಡಿಸೆಂಬರ್ ಮೊದಲ ವಾರಗಳಲ್ಲಿ ಸೂರ್ಯ ಮುಳುಗುವುದು ಸಂಜೆ 4.35ರ ಸುಮಾರಿಗೆ. ಮುಳುಗುವ ಮುಂಚಿನ ಅರ್ಧ ಗಂಟೆಯನ್ನು ಹಾರಾಟಕ್ಕೆ ಲೆಕ್ಕ ಹಿಡಿಯಬಾರದು. ಆ ಹೊತ್ತಿಗೆ ಹಕ್ಕಿ ಮರದ ಮೇಲೆ ಕೂತುಬಿಟ್ಟರೆ ಇಳಿಸಲು ಬೆಳಕಿರುವುದಿಲ್ಲ. ಕತ್ತಲಾದ ಮೇಲೆ ಗ್ರೇಟ್ ಹಾರ್ನ್ಡ್ ಗೂಬೆ ಹೊರಡುತ್ತದೆ, ಅದು ಮರದಲ್ಲಿ ಮಲಗಿದ ಗಿಡುಗವನ್ನು ಕೊಲ್ಲುವಷ್ಟು ಬಲಶಾಲಿ. ಹಾಗಾಗಿ ನೀವು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ 1.30ರಿಂದ 4ರವರೆಗೆ ಸಿಗುವುದು ಎರಡೂವರೆ ಗಂಟೆ. ಆಫೀಸಿಗೆ ಹೋಗುವ ಮೂರು ದಿನ ಸೊನ್ನೆ. ಶನಿವಾರ, ಭಾನುವಾರ ಮನಸ್ಸಿದ್ದಷ್ಟು. ಒಟ್ಟು ವಾರಕ್ಕೆ ನಾಲ್ಕು ಹಾರಾಟದ ದಿನ.

ಇನ್ನು ಒಂದು ಹಕ್ಕಿಗೆ ಬೇಕಾದ ಹೊತ್ತು. ಇಲ್ಲಿ ಎರಡು ಬಗೆಯ ಕೆಲಸವಿದೆ, ಎರಡನ್ನೂ ಒಂದೇ ಅಂತ ಎಣಿಸುವುದರಿಂದಲೇ ಹೊಸಬರು ಎಡವುವುದು. ಬೆಳಗಿನ ತೂಕ, ಹಿಕ್ಕೆ ನೋಡುವುದು, ಕೋಣೆ ತೊಳೆಯುವುದು, ಸ್ನಾನದ ನೀರು ಬದಲಿಸುವುದು, ಮಾಂಸ ಅಳೆಯುವುದು, ಪುಸ್ತಕದಲ್ಲಿ ಬರೆಯುವುದು. ಇದೆಲ್ಲ ಒಂದು ಹಕ್ಕಿಗೆ ಸುಮಾರು ಅರ್ಧ ಗಂಟೆ. ಎರಡನೆಯ ಹಕ್ಕಿ ಬಂದರೆ ಇನ್ನೊಂದು 15 ನಿಮಿಷ, ಮೂರನೆಯದಕ್ಕೆ ಮತ್ತೊಂದು 15. ನೀರಿನ ಪೈಪು ಒಂದೇ, ಕತ್ತರಿ ಒಂದೇ, ತಕ್ಕಡಿ ಒಂದೇ. ಈ ಲೆಕ್ಕ ನೋಡಿ ಮೂರು ಹಕ್ಕಿ ಸಲೀಸು ಅನ್ನಿಸಿಬಿಡುತ್ತದೆ.

ಹಾರಾಟದ ಹೊತ್ತು ಹಾಗಲ್ಲ. ತೂಗಿ, ಹಕ್ಕಿ ಎಲ್ಲಿದೆಯೆಂದು ತಿಳಿಸುವ ಟ್ರಾನ್ಸ್‌ಮಿಟರ್ ಹಾಕಿ ಪರೀಕ್ಷಿಸುವುದಕ್ಕೆ 15 ನಿಮಿಷ. ಹೊಲಕ್ಕೆ ಹೋಗಿ ಬರುವ ದಾರಿ ಒಟ್ಟು 40 ನಿಮಿಷ ಅಂತಿಟ್ಟುಕೊಳ್ಳಿ. ಪೊದೆ ಬಡಿದು ಮೊಲ ಎಬ್ಬಿಸಿ ಹಕ್ಕಿಗೆ ನಾಲ್ಕೈದು ಸರಿಯಾದ ಅವಕಾಶ ಕೊಡಬೇಕಾದರೆ ಒಂದರಿಂದ ಒಂದೂವರೆ ಗಂಟೆ. ಬೇಟೆ ಸಿಕ್ಕರೆ ತಿನ್ನಿಸಿ ಕೈಗೆ ಹತ್ತಿಸಿಕೊಳ್ಳಲು 20 ನಿಮಿಷ. ಅಲ್ಲಿಗೆ ಒಂದು ಹಕ್ಕಿಗೆ ಎರಡು ಗಂಟೆಗೂ ಹೆಚ್ಚು. ಎರಡನೆಯ ಹಕ್ಕಿಯನ್ನು ಅದೇ ಸುತ್ತಿನಲ್ಲಿ ಕರೆದೊಯ್ದರೆ ದಾರಿಯ ಹೊತ್ತು ಉಳಿಯುತ್ತದೆ, ಹೊಲದ ಹೊತ್ತು ಉಳಿಯುವುದಿಲ್ಲ. ನಿಮ್ಮ ಎರಡೂವರೆ ಗಂಟೆಯ ಮಧ್ಯಾಹ್ನದಲ್ಲಿ ಒಂದು ಹಕ್ಕಿ ನೆಮ್ಮದಿಯಾಗಿ ಹಾರುತ್ತದೆ. ಎರಡು ಹಾರಬೇಕಾದರೆ ಹೊಲ ಮನೆಗೆ ತೀರ ಹತ್ತಿರವಿರಬೇಕು. ಶನಿವಾರ, ಭಾನುವಾರ ಎರಡೂ ಹಾರುತ್ತವೆ. ಒಟ್ಟಿನಲ್ಲಿ ಪ್ರತಿ ಹಕ್ಕಿಗೂ ವಾರಕ್ಕೆ ಮೂರು ಹಾರಾಟ ಖಚಿತವಾಗಿ ಸಿಗುತ್ತದೆ, ಹೊಂದಿಸಿಕೊಂಡರೆ ನಾಲ್ಕು.

ಮೂರು ನನ್ನ ಕನಿಷ್ಠ. ಬೇಟೆಯ ಕಾಲದಲ್ಲಿ ವಾರಕ್ಕೆ ಮೂರಕ್ಕಿಂತ ಕಡಿಮೆ ಹಾರಿದ ಹಕ್ಕಿಗೆ ದಮ್ಮು ಕೂಡುವುದಿಲ್ಲ. ಎರಡು ರಭಸದ ಹಾರಾಟಕ್ಕೇ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೂರನೆಯ ಮೊಲ ಎದ್ದಾಗ ಕೊಂಬೆ ಬಿಟ್ಟು ಏಳುವುದಿಲ್ಲ. ಮೂರನೆಯ ಹಕ್ಕಿ ಬಂದರೆ, ಶನಿವಾರ, ಭಾನುವಾರ ದಿನಕ್ಕೆ ಎರಡೆರಡು ಹಾರಿಸಿದರೂ, ಒಂದೊಂದರ ಹಾರಾಟ ವಾರಕ್ಕೆ ಎರಡಕ್ಕೆ ಇಳಿಯುತ್ತದೆ. ಆಗ ಒಂದು ಹಕ್ಕಿ ಹೆಚ್ಚಾಯಿತು ಅನ್ನುವುದಕ್ಕಿಂತ ಮೂರೂ ಅರೆಬರೆಯಾದವು ಅನ್ನುವುದೇ ಸರಿ.

ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೇಟೆ ಹಕ್ಕಿ ಮರಳಿ ಕೈಗೆ ಬರುವುದು ಎರಡು ಕಾರಣಕ್ಕೆ: ಹಸಿವು ಮತ್ತು ರೂಢಿ. ಚೆನ್ನಾಗಿ ಹಾರಿಸುತ್ತಿರುವ ಹಕ್ಕಿಯಲ್ಲಿ ರೂಢಿಯ ಪಾಲು ಹೆಚ್ಚುತ್ತ ಹೋಗುತ್ತದೆ, ಹಾಗಾಗಿ ಋತು ಮುಂದುವರಿದಂತೆ ಅದರ ಹಾರುವ ತೂಕವನ್ನು, ಅಂದರೆ ಹಾರಿ ಮರಳಿ ಬರುವಷ್ಟು ಹಸಿವಿರುವ ತೂಕವನ್ನು, ಏರಿಸಬಹುದು. ಹೊತ್ತಿಲ್ಲದೆ ನಾಲ್ಕು ದಿನ ಕಟ್ಟಿಹಾಕಿದ ಹಕ್ಕಿಯಲ್ಲಿ ರೂಢಿ ಸಡಿಲವಾಗುತ್ತದೆ. ಐದನೆಯ ದಿನ ಕರೆದರೆ ಬರಲು ಯೋಚಿಸುತ್ತದೆ. ಆಗ ಹಾರಿಸುವವರು ಮಾಡುವುದೇನು? ಊಟ ಕಡಿಮೆ ಮಾಡಿ ಹಕ್ಕಿಯ ತೂಕವನ್ನು ಇನ್ನೂ 20 ಗ್ರಾಂ ಇಳಿಸುತ್ತಾರೆ. ಹಕ್ಕಿ ಚುರುಕಾಗಿ ಬರುತ್ತದೆ, ಸಮಸ್ಯೆ ಮುಗಿಯಿತು ಅನ್ನಿಸುತ್ತದೆ. ಮುಂದಿನ ವಾರ ಮತ್ತೆ ಅದೇ. ಸಮಯದಿಂದ ಕೊಡಬೇಕಾದ್ದನ್ನು ತಕ್ಕಡಿಯಿಂದ ಕಿತ್ತುಕೊಳ್ಳುವ ಈ ಅಭ್ಯಾಸವೇ ಹೆಚ್ಚು ಹಕ್ಕಿ ಇಟ್ಟವರ ಮನೆಯಲ್ಲಿ ಹಕ್ಕಿಗಳನ್ನು ಕೆಡಿಸುವುದು, ಕೆಲವೊಮ್ಮೆ ಕೊಲ್ಲುವುದು.

ಇದರ ಗುರುತುಗಳು ಕಣ್ಣಿಗೂ ಕೈಗೂ ಸಿಗುತ್ತವೆ. ಎದೆಮೂಳೆಯ ಎರಡೂ ಬದಿಗೆ ಬೆರಳಿಟ್ಟು ನೋಡಿ. ಸರಿಯಾದ ತೂಕದ ಹಕ್ಕಿಯಲ್ಲಿ ಮೂಳೆಯ ಅಂಚು ತಿಳಿಯುತ್ತದೆ, ಆದರೆ ಇಕ್ಕೆಲದ ಮಾಂಸ ಉಬ್ಬಿ ತುಂಬಿರುತ್ತದೆ. ಮಾಂಸ ಒಳಗೆ ಬಾಗಿ ಮೂಳೆ ಚಾಕುವಿನ ಬೆನ್ನಿನ ಹಾಗೆ ಎದ್ದು ನಿಂತಿದ್ದರೆ ಅಂದೇ ಹಾರಿಸುವುದು ನಿಲ್ಲಿಸಿ. ಹಸಿವಿನಲ್ಲಿರುವಾಗ ಬೆಳೆದ ಗರಿಯನ್ನು ಬೆಳಕಿಗೆ ಹಿಡಿದರೆ ಅಡ್ಡಲಾಗಿ ಕೂದಲೆಳೆಯಷ್ಟು ತೆಳ್ಳನೆಯ ಗೆರೆ ಕಾಣುತ್ತದೆ. ಗರಿ ಮುರಿಯುವುದು ಅದೇ ಗೆರೆಯಲ್ಲಿ. ಹಕ್ಕಿ ನಿಮ್ಮನ್ನು ಕಂಡಾಗಲೆಲ್ಲ ಚೀರುವುದು, ಆಹಾರದ ಮೇಲೆ ರೆಕ್ಕೆ ಹರಡಿ ಮುಚ್ಚಿಕೊಳ್ಳುವುದು, ಕೈಗವಸಿಲ್ಲದ ಕೈಗೆ ಉಗುರು ಬೀಸುವುದು, ಇವೆಲ್ಲ ಅದರ ಹಿಂದೆಯೇ ಬರುತ್ತವೆ. ಮೈಯಲ್ಲಿ ಕಸುವಿಲ್ಲದ ಹಕ್ಕಿಗೆ ಆಸ್ಪರ್ಜಿಲೋಸಿಸ್ ಅನ್ನುವ ಶ್ವಾಸದ ಶಿಲೀಂಧ್ರ ರೋಗ ಬೇಗ ತಗಲುತ್ತದೆ. ಗೊತ್ತಾಗುವ ಹೊತ್ತಿಗೆ ಸಾಮಾನ್ಯವಾಗಿ ತಡವಾಗಿರುತ್ತದೆ.

ಈಗ ಯಾವ ಹಕ್ಕಿಯ ಜೊತೆ ಯಾವುದು ಅನ್ನುವ ಮಾತು. ಎರಡು ಅನ್ನುವ ಸಂಖ್ಯೆಗಿಂತ ಜೋಡಿ ಮುಖ್ಯ.

ರೆಡ್‌ಟೇಲ್ ಮತ್ತು ಹ್ಯಾರಿಸ್ ಎರಡಕ್ಕೂ ಒಂದೇ ಬಗೆಯ ಹೊಲ ಸಾಕು: ಪೊದೆ, ಬೇಲಿಸಾಲು, ಕಾಟನ್‌ಟೇಲ್ ಮೊಲ. ಎರಡೂ ಕೈಯಿಂದಲೋ ಮರದಿಂದಲೋ ಹೊರಡುತ್ತವೆ. ಹಾರಿಸುವ ವಿಧಾನ ಒಂದೇ ಆದ್ದರಿಂದ ನಿಮ್ಮ ಎರಡು ವರ್ಷದ ಅನುಭವ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹ್ಯಾರಿಸ್ ಗುಂಪಾಗಿ ಬದುಕುವ, ಗುಂಪಾಗಿ ಬೇಟೆಯಾಡುವ ಹಕ್ಕಿ. ಮನುಷ್ಯನನ್ನೂ ನಾಯಿಯನ್ನೂ ಗುಂಪಿನವರೆಂದು ಒಪ್ಪಿಕೊಳ್ಳುತ್ತದೆ. ಎರಡು ಮೂರು ದಿನ ಹಾರದಿದ್ದರೂ ಕೆಡುವುದು ಕಡಿಮೆ. ಮುಂದೆ ಎಂದಾದರೂ ಮೂರನೆಯ ಹಕ್ಕಿ ಬೇಕಾದರೆ ಇನ್ನೊಂದು ಹ್ಯಾರಿಸ್ ತನ್ನಿ: ಹೊಂದಿಕೊಂಡ ಎರಡು ಹ್ಯಾರಿಸ್‌ಗಳನ್ನು ಒಟ್ಟಿಗೆ ಬಿಟ್ಟು ಹಾರಿಸಬಹುದು, ಹಾಗಾಗಿ ಮೂರು ಹಕ್ಕಿಗೂ ಎರಡು ಹಕ್ಕಿಯ ಹೊತ್ತೇ ಸಾಕಾಗುತ್ತದೆ. ಬೇಟೆ ಹಕ್ಕಿಗಳಲ್ಲಿ ಈ ಸೌಲಭ್ಯ ಇಷ್ಟು ಸಲೀಸಾಗಿ ಸಿಗುವುದು ಹ್ಯಾರಿಸ್‌ನಲ್ಲಿ ಮಾತ್ರ.

ರೆಡ್‌ಟೇಲನ್ನು ಹ್ಯಾರಿಸ್ ಜೊತೆ ಒಟ್ಟಿಗೆ ಬಿಡುವ ಪ್ರಯೋಗ ಮಾತ್ರ ಮಾಡಬೇಡಿ. ರೆಡ್‌ಟೇಲ್ ಒಂಟಿ ಹಕ್ಕಿ. ತನ್ನ ಹೊಲದಲ್ಲಿ ಇನ್ನೊಂದು ಗಿಡುಗ ಕಂಡರೆ ಅದಕ್ಕೆ ಮೊಲ ಮರೆತುಹೋಗುತ್ತದೆ. ಕಾಲಿಗೆ ಕಾಲು ಸಿಕ್ಕಿಕೊಂಡು ಇಬ್ಬರೂ ನೆಲಕ್ಕೆ ಬೀಳುತ್ತಾರೆ, ತೂಕ ಹೆಚ್ಚಿರುವ ನಿಮ್ಮ ಹೆಣ್ಣು ರೆಡ್‌ಟೇಲ್ ಗೆಲ್ಲುತ್ತದೆ.

ಕೊಲರಾಡೊದ ಚಳಿಯಲ್ಲಿ ಹ್ಯಾರಿಸ್‌ಗೆ ಒಂದು ಪ್ರತ್ಯೇಕ ಅಪಾಯವಿದೆ. ಅದು ಬಿಸಿ ಮರುಭೂಮಿಯ ಹಕ್ಕಿ. ರಾತ್ರಿ ನೆಲದ ಹತ್ತಿರದ ಕಂಬಕ್ಕೆ ಕಟ್ಟಿ, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ, ರೆಕ್ಕೆಯ ತುದಿಯಲ್ಲಿ ರಕ್ತ ಓಡಾಟ ನಿಂತು ಊದಿಕೊಳ್ಳಬಹುದು. ಬೆಳಿಗ್ಗೆ ನೋಡಿದರೆ ಒಂದು ರೆಕ್ಕೆ ತುಸು ಜೋತಿರುತ್ತದೆ. ತುದಿಯ ಗಿಣ್ಣು ಮುಟ್ಟಿದರೆ ತಣ್ಣಗೆ, ಮೆತ್ತಗೆ, ಒಳಗೆ ನೀರು ತುಂಬಿದಂತಿರುತ್ತದೆ. ಆ ದಿನವೇ ಪಕ್ಷಿವೈದ್ಯರ ಬಳಿಗೆ ಹೋಗದಿದ್ದರೆ ತುದಿ ಒಣಗಿ, ದೊಡ್ಡ ಗರಿಗಳ ಬೇರಿನ ಸಮೇತ ಉದುರಿಹೋಗುತ್ತದೆ, ಆ ಗರಿಗಳು ಮತ್ತೆ ಹುಟ್ಟುವುದಿಲ್ಲ. ಇದನ್ನು ತಪ್ಪಿಸಲು ರಾತ್ರಿ ಕಟ್ಟದೆ ಕೋಣೆಯಲ್ಲಿ ಬಿಡಿ, ಕೂರುವ ಕೋಲು ಎತ್ತರದಲ್ಲಿರಲಿ, ಕೋಣೆ ಸೊನ್ನೆಗಿಂತ ಮೇಲಿರುವಂತೆ ಹೀಟರ್ ಇಡಿ, ಸಂಜೆ ಸ್ನಾನ ಮಾಡಿ ಒದ್ದೆಯಾಗಿ ಮಲಗದಂತೆ ಮಧ್ಯಾಹ್ನವೇ ನೀರಿನ ತಟ್ಟೆ ತೆಗೆದುಬಿಡಿ. ರೆಡ್‌ಟೇಲ್‌ಗೆ ಈ ಹೀಟರ್ ಬೇಕಿಲ್ಲ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕೋಣೆ.

ಪೆರೆಗ್ರಿನ್ ಯಾಕೆ ಬೇಡ ಅಂದೆ ಅಂದರೆ, ಅದು ಇವೆರಡರ ಪಕ್ಕದಲ್ಲಿ ಕೂರುವ ಮೂರನೆಯ ಹಕ್ಕಿಯಲ್ಲ, ಬೇರೆಯೇ ಒಂದು ವಿದ್ಯೆ. ಅದಕ್ಕೆ ಪೊದೆ ಆಗದು. ತೆರೆದ ಬಯಲು, ಬಾತುಕೋಳಿ ಕೂತ ಸಣ್ಣ ಕೆರೆ ಬೇಕು. ಮೊದಲು ಕಾರಿನಲ್ಲಿ ಸುತ್ತಿ ಬಾತು ಇರುವ ಕೆರೆ ಹುಡುಕಬೇಕು. ಆಮೇಲೆ ಫಾಲ್ಕನ್ ಬಿಟ್ಟು ಅದು ನೂರಾರು ಅಡಿ ಮೇಲೇರಿ ನಿಮ್ಮ ನೆತ್ತಿಯ ಮೇಲೆ ನಿಲ್ಲುವವರೆಗೆ ಕಾಯಬೇಕು, ಆಗ ಬಾತು ಎಬ್ಬಿಸಬೇಕು. ಹಾರಾಟ ಹತ್ತು ನಿಮಿಷದ್ದು. ಅದರ ಹಿಂದು ಮುಂದಿನ ಹುಡುಕಾಟ ಅರ್ಧ ದಿನದ್ದು. ತಪ್ಪಿದ ಬೇಟೆಯ ಬೆನ್ನು ಹತ್ತಿ ಹೋದರೆ ಮೈಲುಗಟ್ಟಲೆ ದೂರ ಸಾಗುತ್ತದೆ, ಜಿಪಿಎಸ್ ಟ್ರಾನ್ಸ್‌ಮಿಟರ್ ಇದ್ದರೂ ಹಿಂದೆ ಓಡಲೇಬೇಕು. ಆ ಹೊತ್ತಿನಲ್ಲಿ ಕಾರಿನಲ್ಲಿ ಇನ್ನೆರಡು ಹಕ್ಕಿ ಪೆಟ್ಟಿಗೆಯಲ್ಲಿ ಕಾಯುತ್ತ ಕೂತಿದ್ದರೆ ನಿಮ್ಮ ಗಮನ ಎಲ್ಲಿರುತ್ತದೆ? ಜೊತೆಗೆ ನಿಮ್ಮ ಭಾಗದಲ್ಲಿ ಗೋಲ್ಡನ್ ಹದ್ದುಗಳಿವೆ. ಬಯಲಿನಲ್ಲಿ ಫಾಲ್ಕನ್ ಹಾರಿಸುವವರು ಆಕಾಶದಿಂದ ಕಣ್ಣು ಕೀಳುವಂತಿಲ್ಲ.

ಮೂರನೆಯದಕ್ಕೆ ಒಂದು ಕೆಸ್ಟ್ರೆಲ್, ಅಂದರೆ ಪುಟ್ಟ ಜಾತಿಯ ಫಾಲ್ಕನ್, ಆದರೆ ಪರವಾಗಿಲ್ಲವೇ ಅಂತ ಕೇಳುವವರೂ ಇದ್ದಾರೆ. ಗಾತ್ರ ಚಿಕ್ಕದಾದಷ್ಟೂ ಕೆಲಸ ಹೆಚ್ಚು. ಅಮೆರಿಕದ ಕೆಸ್ಟ್ರೆಲ್ ತೂಗುವುದೇ 100 ಗ್ರಾಂ ಆಚೀಚೆ. 1,150 ಗ್ರಾಂನ ರೆಡ್‌ಟೇಲ್ 20 ಗ್ರಾಂ ಹೆಚ್ಚು ಕಡಿಮೆಯಾದರೂ ಹಾರುತ್ತದೆ. ಕೆಸ್ಟ್ರೆಲ್‌ಗೆ ಎರಡು ಮೂರು ಗ್ರಾಂ ಅಂತರವೇ ಹಾರುವುದಕ್ಕೂ ಸಾಯುವುದಕ್ಕೂ ನಡುವಿನದು. ಚಳಿಯ ದಿನ ಎರಡು ಸಲ ತೂಗಬೇಕು, ಎರಡು ಸಲ ತಿನ್ನಿಸಬೇಕು. ಪರವಾನಗಿಯ ನಿಯಮ ಕೇಳುವುದು 15 ಗ್ರಾಂ ಹಂತದ ತಕ್ಕಡಿಯನ್ನು ಮಾತ್ರ. ಅದು ಕೆಸ್ಟ್ರೆಲ್‌ಗೆ ಏನೂ ಪ್ರಯೋಜನವಿಲ್ಲ, ಅರ್ಧ ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಆಫೀಸಿನಲ್ಲಿ ಇಡೀ ದಿನ ಕಳೆಯುವವರಿಗೆ ಇದು ಹೇಳಿದ ಹಕ್ಕಿಯಲ್ಲ. ಅದೂ ಅಲ್ಲದೆ ರೆಡ್‌ಟೇಲ್ ಕಣ್ಣಿಗೆ ಕೆಸ್ಟ್ರೆಲ್ ಕಾಣುವುದು ಊಟದ ಹಾಗೆ.

ಇನ್ನು ಎರಡು ಹಕ್ಕಿಯ ಮನೆ ಹೇಗಿರಬೇಕು. ಒಂದೊಂದಕ್ಕೂ ಎಂಟು ಅಡಿಗೆ ಎಂಟು ಅಡಿಯ ಕೋಣೆ, ನಡುವೆ ಪೂರ್ತಿ ಮುಚ್ಚಿದ ಗೋಡೆ. ಕಿಟಕಿಗೆ ನಿಲುವಾದ ಸರಳು ಹಾಕಿ. ತಂತಿಬಲೆ ಹಾಕಿದರೆ ಹಕ್ಕಿ ಅದಕ್ಕೆ ಜೋತುಬಿದ್ದು ಬಾಲದ ಗರಿ ಮುರಿದುಕೊಳ್ಳುತ್ತದೆ. ಬಾಗಿಲು ಎರಡು ಪದರದ್ದಾಗಿರಲಿ. ಹಕ್ಕಿ ಹೊಂದಿಕೊಂಡರೆ ಒಂದೇ ಕೋಣೆ ಸಾಕಲ್ಲವೇ ಅನ್ನಿಸಬಹುದು. ಸಾಲದು. ಬೆಳಿಗ್ಗೆ ಕೋಣೆಯ ನೆಲದಲ್ಲಿ ಬಿದ್ದಿರುವ, ಜೀರ್ಣವಾಗದ ರೋಮ–ಗರಿಯ ಉಂಡೆ ಯಾವ ಹಕ್ಕಿ ಉಗುಳಿದ್ದು, ಹಸಿರು ಹಿಕ್ಕೆ ಯಾವುದರದ್ದು ಅಂತ ಗೊತ್ತಾಗಬೇಕು. ಹಿಂದಿನ ದಿನದ ಉಂಡೆ ಉಗುಳುವ ಮೊದಲು ಹೊಸ ಮಾಂಸ ಕೊಡಬಾರದು. ಉಂಡೆ ಎರಡಿದ್ದು ಎರಡೂ ಒಂದೇ ಹಕ್ಕಿಯದ್ದಾದರೆ ಇನ್ನೊಂದರ ಹೊಟ್ಟೆ ಕಟ್ಟಿದೆ ಅನ್ನುವುದು ತಿಳಿಯುವುದೇ ಇಲ್ಲ.

ಬಿಸಿಲಿಗೆ ಕೂರಿಸುವ ಅಂಗಳದಲ್ಲಿ ಕಂಬದಿಂದ ಕಂಬಕ್ಕೆ 4 ಮೀಟರ್ ಬಿಡಿ. ಸುಮಾರು ಒಂದು ಮೀಟರ್ ಹಗ್ಗ, ಅದರಾಚೆ ಚಾಚಿದ ರೆಕ್ಕೆ, ಎರಡೂ ಬದಿಗೆ ಲೆಕ್ಕ ಹಾಕಿದರೆ ಅಷ್ಟು ಬೇಕೇ ಬೇಕು. ನಡುವೆ ಹಲಗೆಯ ಮರೆ ಇರಲಿ. ದಿನವಿಡೀ ಒಂದನ್ನೊಂದು ನೋಡುತ್ತ ಧುಮುಕುತ್ತಿದ್ದರೆ ಗರಿ, ಕಾಲು ಎರಡೂ ಸವೆಯುತ್ತವೆ. ಮೇಲೂ ಸುತ್ತಲೂ ಬಲೆ ಇರಬೇಕು, ನಾಯಿ, ನರಿ, ಗೂಬೆಗಳ ಸಲುವಾಗಿ. ಕೂರುಕಂಬಕ್ಕೆ ಕೃತಕ ಹುಲ್ಲಿನ ಹೊದಿಕೆ ಹಾಕಿ, ವಾರಕ್ಕೊಮ್ಮೆ ಹಕ್ಕಿಯ ಅಂಗಾಲು ತಿರುಗಿಸಿ ನೋಡಿ. ಆರೋಗ್ಯದ ಅಂಗಾಲಿನಲ್ಲಿ ಸಣ್ಣ ಸಣ್ಣ ಗುಳ್ಳೆಯಂಥ ಒರಟು ಇರುತ್ತದೆ. ಅದು ಅಳಿಸಿ ನುಣುಪಾಗಿ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿದ್ದರೆ ಬಂಬಲ್‌ಫುಟ್ ಅನ್ನುವ ಅಂಗಾಲಿನ ಬಾವು ಶುರುವಾಗಿದೆ. ಹೆಚ್ಚು ಕಟ್ಟಿ, ಕಡಿಮೆ ಹಾರಿಸಿದ ಹಕ್ಕಿಗೆ ಬರುವ ಕಾಯಿಲೆ ಇದು.

ಹೊಸ ಹಕ್ಕಿಯನ್ನು ತಂದ ಮೊದಲ 30 ದಿನ ಹಳೆಯದರಿಂದ ದೂರ ಇಡಿ. ಬೇರೆ ಕೈಗವಸು, ಬೇರೆ ನೀರಿನ ತಟ್ಟೆ. ಮೊದಲ ವಾರವೇ ಹಿಕ್ಕೆಯ ಪರೀಕ್ಷೆ ಮಾಡಿಸಿ.

ಆಹಾರದ ಅಂದಾಜು ಹೀಗಿದೆ. ದೊಡ್ಡ ಹೆಣ್ಣು ರೆಡ್‌ಟೇಲ್‌ಗೆ ದಿನಕ್ಕೆ 100ರಿಂದ 120 ಗ್ರಾಂ, ಗಂಡು ಹ್ಯಾರಿಸ್‌ಗೆ 60ರಿಂದ 80 ಗ್ರಾಂ. ಎರಡಕ್ಕೂ ಸೇರಿ ವರ್ಷಕ್ಕೆ 60ರಿಂದ 70 ಕಿಲೋ. ಬೇಟೆಯ ಮೊಲ ಒಂದಷ್ಟು ಭಾಗ ತುಂಬುತ್ತದೆ, ಉಳಿದದ್ದಕ್ಕೆ ಕ್ವೇಲ್, ಇಲಿ, ಒಂದು ದಿನದ ಕೋಳಿಮರಿ. ಮರಿಯೊಂದು 40 ಗ್ರಾಂ ಸುಮಾರು. ಬರೀ ಅದನ್ನೇ ತಿಂಗಳುಗಟ್ಟಲೆ ಕೊಡಬೇಡಿ. ಹೆಪ್ಪುಗಟ್ಟಿದ ಮಾಂಸವನ್ನು ಹಿಂದಿನ ದಿನವೇ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ. ಪಾರಿವಾಳ ಕೊಡಲೇಬೇಡಿ, ಅದರ ಬಾಯಿ ಗಂಟಲಿನಲ್ಲಿರುವ ಟ್ರೈಕೊಮೊನಾಸ್ ಅನ್ನುವ ರೋಗಾಣು ನಿಮ್ಮ ಹಕ್ಕಿಗೆ ದಾಟಬಹುದು. ಬಂದೂಕಿನಿಂದ ಹೊಡೆದ ಮೊಲವನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ. ವಿಷವೇರಲು ಗುಂಡಿನ ಸೀಸದ ಒಂದು ಚೂರು ಸಾಕು.

ಪುಸ್ತಕ ಒಂದೊಂದು ಹಕ್ಕಿಗೂ ಬೇರೆ. ದಿನಾಂಕ, ಗಂಟೆ, ತೂಕ, ಹೊರಗಿನ ಉಷ್ಣಾಂಶ, ಕೊಟ್ಟ ಮಾಂಸ ಯಾವುದು ಎಷ್ಟು ಗ್ರಾಂ, ಉಂಡೆ ಉಗುಳಿತೋ ಇಲ್ಲವೋ, ಕರೆದಾಗ ಎಷ್ಟು ಬೇಗ ಬಂತು. ತೂಗುವುದು ದಿನವೂ ಅದೇ ಹೊತ್ತಿಗೆ, ಉಂಡೆ ಉಗುಳಿದ ಮೇಲೆ. ಚಳಿ ಹೆಚ್ಚಿದಂತೆ ಹಾರುವ ತೂಕವೂ ಏರಬೇಕು: 5 ಡಿಗ್ರಿಯಲ್ಲಿ 1,150 ಗ್ರಾಂಗೆ ಚೆನ್ನಾಗಿ ಹಾರುವ ಹಕ್ಕಿಗೆ ಮೈನಸ್ 10ರಲ್ಲಿ 1,180 ಬೇಕಾಗಬಹುದು. ಒಂದು ಹಕ್ಕಿಯ ಪುಸ್ತಕದಲ್ಲಿ ಸತತ ಎರಡು ದಿನ ಖಾಲಿ ಬಿದ್ದರೆ ಆ ವಾರ ನಿಮ್ಮ ಬಳಿ ಒಂದು ಹಕ್ಕಿ ಹೆಚ್ಚಿದೆ ಅಂತಲೇ ತಿಳಿಯಿರಿ.

ಎರಡು ಹಕ್ಕಿಯಿಂದ ಒಂದು ಲಾಭವೂ ಇದೆ. ಬೇಟೆ ಹಿಡಿದ ಹಕ್ಕಿಗೆ ಅದರ ಮೇಲೆಯೇ ಕೊರಳಚೀಲ ತುಂಬ ತಿನ್ನಿಸಬೇಕೆಂದು ನಿಮಗೆ ಗೊತ್ತು. ಹಾಗೆ ತಿಂದ ರೆಡ್‌ಟೇಲ್ ಮರುದಿನ ಹಾರುವ ತೂಕಕ್ಕೆ ಇಳಿಯುವುದಿಲ್ಲ, ಕೆಲವೊಮ್ಮೆ ಎರಡು ದಿನ ಹಿಡಿಯುತ್ತದೆ. ಒಂದೇ ಹಕ್ಕಿ ಇದ್ದವರು ಭಾನುವಾರ ಹಾರಿಸಬೇಕೆಂದು ಶನಿವಾರ ಜಿಪುಣತನ ಮಾಡುತ್ತಾರೆ. ನೀವು ಶನಿವಾರ ಬೇಟೆ ಹಿಡಿದದ್ದಕ್ಕೆ ಹೊಟ್ಟೆ ತುಂಬಿಸಿ, ಭಾನುವಾರ ಇನ್ನೊಂದಕ್ಕೆ ಹೆಚ್ಚು ಹೊತ್ತು ಕೊಡಬಹುದು.

ಹೊಲದಲ್ಲಿ ಇಬ್ಬರನ್ನೂ ಒಂದೇ ದಿನ ಹಾರಿಸುವಾಗ ಕ್ರಮ ಇಷ್ಟೇ: ಮೊದಲನೆಯದು ತಿಂದು, ಪೆಟ್ಟಿಗೆ ಸೇರಿ, ಬಾಗಿಲು ಹಾಕಿದ ಮೇಲೆಯೇ ಎರಡನೆಯದರ ಬಾಗಿಲು ತೆಗೆಯುವುದು. ಯಾವುದು ಮೊದಲು ಅನ್ನುವುದನ್ನು ದಿನ ದಿನ ಬದಲಿಸಿ, ಇಲ್ಲವಾದರೆ ಎರಡನೆಯದಕ್ಕೆ ಯಾವಾಗಲೂ ಉಳಿಕೆ ಬೆಳಕು ಸಿಗುತ್ತದೆ. ಟ್ರಾನ್ಸ್‌ಮಿಟರ್‌ಗಳು ಬೇರೆ ಬೇರೆ ಚಾನೆಲ್‌ನಲ್ಲಿರಲಿ. ಸೆಪ್ಟೆಂಬರ್ ಬಿಸಿಲಿನಲ್ಲಿ ಕಾರು ಮುಚ್ಚಿ ಹಕ್ಕಿ ಬಿಟ್ಟುಹೋಗಬೇಡಿ.

ಈ ವರ್ಷದ ವೇಳಾಪಟ್ಟಿ. ಸಾಕುಕೇಂದ್ರದ ಹ್ಯಾರಿಸ್ ಮರಿಯನ್ನು ತಾಯ್ತಂದೆಯ ಜೊತೆ ಸುಮಾರು 16 ವಾರ ಬಿಟ್ಟ ಮೇಲೆಯೇ ಕೊಳ್ಳಿ. ಬೇಗ ತೆಗೆದದ್ದು ಜೀವಮಾನವಿಡೀ ಚೀರುತ್ತದೆ. ಮೇ ತಿಂಗಳಲ್ಲಿ ಒಡೆದ ಮೊಟ್ಟೆಯ ಮರಿ ಸೆಪ್ಟೆಂಬರ್‌ಗೆ ಸಿಗುತ್ತದೆ. ಆ ಹೊತ್ತಿಗೆ ನಿಮ್ಮ ರೆಡ್‌ಟೇಲ್ ಗರಿ ಬದಲಿಸುವುದನ್ನು ಮುಗಿಸುತ್ತಿರುತ್ತದೆ, ಹೊಟ್ಟೆ ತುಂಬ ತಿಂದು ಕೋಣೆಯಲ್ಲಿರುತ್ತದೆ, ಅದಕ್ಕೆ ದಿನಕ್ಕೆ 15 ನಿಮಿಷ ಸಾಕು. ಸೆಪ್ಟೆಂಬರ್ ಪೂರ್ತಿ ಸಂಜೆಗಳನ್ನು ಹ್ಯಾರಿಸ್‌ಗೆ ಕೊಡಿ: ಕೈಮೇಲೆ ಕೂರುವುದು, ಕೈಮೇಲೆ ತಿನ್ನುವುದು, ಉದ್ದ ದಾರದಲ್ಲಿ ಕರೆಯುವುದು. ದಿನಕ್ಕೆ ಒಂದರಿಂದ ಎರಡು ಗಂಟೆ ಬೇಕು. ದಾರ ಬಿಚ್ಚಿ ಹಾರಿಸಿ, ಒಂದೆರಡು ಮೊಲ ಹಿಡಿದ ಮೇಲೆ, ಅಂದರೆ ಅಕ್ಟೋಬರ್ ನಡುವಿನ ಹೊತ್ತಿಗೆ, ರೆಡ್‌ಟೇಲನ್ನು ತೂಕಕ್ಕೆ ಇಳಿಸಲು ಶುರುಮಾಡಿ. ಒಂದೇ ಋತುವಿನಲ್ಲಿ ಎರಡು ಹೊಸ ಹಕ್ಕಿ ಎಂದೂ ಬೇಡ, ಎಷ್ಟೇ ಬಿಡುವಿದ್ದರೂ.

ಜನವರಿಯಲ್ಲಿ ಎರಡು ಭಾರವಾಯಿತು ಅನ್ನಿಸಿದರೆ ದಾರಿ ಇದೆ. ನಿಮ್ಮ ರೆಡ್‌ಟೇಲ್ ಕಾಡಿನಿಂದ ಹಿಡಿದದ್ದಾದರೆ ಅದನ್ನು ತಿನ್ನಿಸಿ ಪೂರ್ತಿ ತೂಕಕ್ಕೆ ತಂದು, ರಾಜ್ಯದ ನಿಯಮದಂತೆ, ಮೈಮೇಲಿನ ಸಾಮಾನೆಲ್ಲ ಬಿಚ್ಚಿ, ಅದೇ ಸೀಮೆಯಲ್ಲಿ ಬಿಡಬಹುದು. ಬೇಟೆ ಬಲ್ಲ ಹಕ್ಕಿ ಬದುಕಿಕೊಳ್ಳುತ್ತದೆ. ಬಿಟ್ಟ ಹತ್ತು ದಿನದೊಳಗೆ ವರದಿ ಕೊಡಿ. ಹ್ಯಾರಿಸನ್ನು ಹಾಗೆ ಬಿಡುವಂತಿಲ್ಲ. ಅದು 20 ವರ್ಷ ಬದುಕಬಲ್ಲ ಹಕ್ಕಿ. ಊರಿಗೆ ಹೋಗುವಾಗಿನ ವ್ಯವಸ್ಥೆಯನ್ನೂ ಈಗಲೇ ಯೋಚಿಸಿ. ಪರವಾನಗಿ ಇಲ್ಲದವರು ನಿಮ್ಮದೇ ಜಾಗದಲ್ಲಿ ಸತತ 45 ದಿನದವರೆಗೆ ಹಕ್ಕಿ ನೋಡಿಕೊಳ್ಳಬಹುದು, ಹಾರಿಸುವಂತಿಲ್ಲ. ಪರವಾನಗಿ ಇರುವ ಇನ್ನೊಬ್ಬರ ಬಳಿ 120 ದಿನದವರೆಗೆ ಬಿಡಬಹುದು. ಊರಿನ ಪ್ರಯಾಣವನ್ನು ಹಕ್ಕಿ ಗರಿ ಬದಲಿಸುವ ಬೇಸಿಗೆಗೆ ಇಟ್ಟುಕೊಂಡರೆ ನೋಡಿಕೊಳ್ಳುವವರಿಗೆ ತಕ್ಕಡಿಯ ಕೆಲಸವೇ ಇರುವುದಿಲ್ಲ.

ನಿಮ್ಮ ತಮ್ಮನ ವಿಷಯ. ಖಂಡಿತ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಿಜ್ಜು ಹಿಡಿಯುವುದು, ಇಟ್ಟುಕೊಳ್ಳುವುದು ಎರಡೂ ಅಪರಾಧ. ಕಾಡುಪ್ರಾಣಿ, ಹಕ್ಕಿಗಳ ಬೇಟೆಯೂ ಅಪರಾಧವೇ, ಹಾಗಾಗಿ ಹೊರದೇಶದಿಂದ ಹಕ್ಕಿ ತರಿಸಿದರೂ ಅದಕ್ಕೆ ಹಿಡಿಯಲು ಏನೂ ಇಲ್ಲ. ಕನ್ನಡ ನಾಡಿನಲ್ಲಿ ಈ ವಿದ್ಯೆ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶ್ಯೇನವಿನೋದಕ್ಕೆ, ಅಂದರೆ ಗಿಡುಗದ ಬೇಟೆಯ ಆಟಕ್ಕೆ, ಒಂದು ಅಧ್ಯಾಯವೇ ಇದೆ. ಅದು ಆಳುಕಾಳು ತುಂಬಿದ ಅರಮನೆಯ ವಿನೋದವಾಗಿತ್ತು, ಇಂದು ಅದಕ್ಕೆ ಅವಕಾಶವಿಲ್ಲ. ನಿಮ್ಮ ತಮ್ಮನಿಗೆ ನಿಜವಾಗಿ ಗಿಡುಗಗಳ ಮೇಲೆ ಆಸಕ್ತಿ ಇದ್ದರೆ ಗಾಯಗೊಂಡ ಹಕ್ಕಿಗಳನ್ನು ಅನುಮತಿ ಪಡೆದು ಉಪಚರಿಸುವ ಕೇಂದ್ರಗಳು ಬೆಂಗಳೂರಿನಲ್ಲಿವೆ. ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಅಂಥದ್ದೊಂದು. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡ ಹದ್ದುಗಳು ಇಂಥ ಕಡೆಗೇ ಬರುತ್ತವೆ. ಸ್ವಯಂಸೇವಕರಾಗಿ ಸೇರಲು ಅವಕಾಶವಿದೆಯೇ ಎಂದು ಅಲ್ಲಿ ವಿಚಾರಿಸಲಿ. ಮನೆ ಹತ್ತಿರ ಬಿಜ್ಜಿನ ಮರಿ ಗೂಡಿನಿಂದ ಬಿದ್ದದ್ದು ಕಂಡರೆ ಎತ್ತಿಕೊಂಡು ಹೋಗಿ ಸಾಕುವುದು ಬೇಡ. ಬೆಕ್ಕು ನಾಯಿ ಬಾರದಂತೆ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರದಿಂದ ನೋಡುತ್ತಿರಲಿ. ತಾಯಿ ಬಂದು ತಿನ್ನಿಸುತ್ತದೆ. ಗಾಯವಿದ್ದರೆ ಮಾತ್ರ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ನೀರು ಕುಡಿಸಲು ಹೋಗದೆ, ಅರಣ್ಯ ಇಲಾಖೆಗೆ ತಿಳಿಸಲಿ.